ನೀರಿನ ಮೇಲಣ ತೈಲಪೊರೆ: ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಿನ್ನೆಲೆಯಲ್ಲಿ ಒಂದು ವಿಚಾರ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ತಾಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಚರಿತ್ರೆಯನ್ನು ಬರೆಯ ಹೊರಟವರು ಅಡಕೆ, ಮೆಣಸು, ಏಲಕ್ಕಿಗಳ ಸಮೃದ್ಧಿಯನ್ನು ಹೇಳುವುದರೊಡನೆ ಚಳಿಜ್ವರದ ಮಾತನ್ನೂ ಎತ್ತದೆ ವಿಧಿಯಿಲ್ಲ. 1901ರ ಜನಗಣತಿಯಲ್ಲಿ ಸುಮಾರು 4 ಲಕ್ಷ 54 ಸಾವಿರವಿದ್ದ ಜಿಲ್ಲೆಯ ಜನಸಂಖ್ಯೆ 1921ರ ವೇಳೆಗೆ ಸುಮಾರು 4 ಲಕ್ಷಕ್ಕೆ ಇಳಿದಿತ್ತು. ಈ ಇಳಿಕೆಗೆ ಮಲೇರಿಯ ಒಂದೇ ಕಾರಣವೆಂದು ಹೇಳಲಾಗದು. 1918ರ ಇನ್‌ಫ್ಲುಯೆಂಜ ಪಿಡುಗಿನ ಪಾಲೂ ಅದರಲ್ಲುಂಟು. ಆದರೆ ಘಟ್ಟದ ಮೇಲಣ ಸೀಮೆಯನ್ನು ವರ್ಷ ವರ್ಷವೂ ಕಾಡಿದುದು ಚಳಿಜ್ವರವೇ ಎಂಬುದರಲ್ಲಿ ಸಂಶಯವಿಲ್ಲ.

ಸೊಳ್ಳೆಯನ್ನು ಅದು ಹುಟ್ಟುವ ನೀರಿನಲ್ಲಿಯೇ ನಾಶಮಾಡುವ ಉಪಾಯಗಳಲ್ಲಿ ನೀರಿನ ಮೇಲೆ ಎಣ್ಣೆಯ ಪೊರೆಯನ್ನು ಹರಡುವುದು ಬಹು ಹಳೆಯದು. ಇಂದು ಸೀಮೆಎಣ್ಣೆಯ ಜೊತೆಗೆ ಹೊಸ ಬಗೆಯ ದ್ರವಗಳೂ ಬಂದಿವೆ. ಅವುಗಳಲ್ಲಿ ಕೆಲವು ‘ವಿಷವಲ್ಲ’ ಎಂಬ ಹೆಸರಿನಿಂದಲೇ ಪ್ರಚಾರ ಪಡೆದಿವೆ. ಇಂತಹ ಪೊರೆ ಎಷ್ಟರಮಟ್ಟಿಗೆ ಸುರಕ್ಷಿತ, ಅದನ್ನು ನಿರ್ಣಯಿಸುವವರು ಯಾರು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಪೊರೆಯ ಕಾರ್ಯವಿಧಾನ

ಸೊಳ್ಳೆಯ ಮರಿಹುಳು ನೀರಿನಲ್ಲಿ ವಾಸಿಸಿದರೂ ಉಸಿರಾಟಕ್ಕೆ ಮುಖ್ಯವಾಗಿ ಗಾಳಿಯನ್ನೇ ಅವಲಂಬಿಸಿದೆ. ಕ್ಯೂಲೆಕ್ಸ್ ಜಾತಿಯ ಮರಿಹುಳು ತಲೆಕೆಳಗಾಗಿ ತೂಗಾಡುತ್ತ ತನ್ನ ಉಸಿರ್ಗೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸುತ್ತದೆ. ಮಲೇರಿಯವನ್ನು ಹರಡುವ ಅನಾಫಿಲಿಸ್ ಜಾತಿಯದಕ್ಕೆ ಕೊಳವೆಯಿಲ್ಲದುದರಿಂದ ಅದು ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ. ಇವೆರಡನ್ನೂ ಮೇಲೆ ಎತ್ತಿಹಿಡಿಯುವುದು ನೀರಿನ ಮೇಲ್ಮೈ ಎಳೆತ. ಎಣ್ಣೆಯ ಪೊರೆ ಹರಡಿದೊಡನೆ ಈ ಎಳೆತ ಕುಂದುತ್ತದೆ, ಉಸಿರಿನ ದ್ವಾರ ಮುಚ್ಚುತ್ತದೆ, ಹುಳು ಮುಳುಗಿ ಸಾಯುತ್ತದೆ. ಮರಿಹುಳುವಿನ ಮುಂದಿನ ಅವಸ್ಥೆಯಾದ ಕೋಶವು ಏನನ್ನೂ ತಿನ್ನದ ಕಾರಣ ಆಹಾರದೊಡನೆ ಒಳಹೋಗುವ ವಿಷಗಳಿಗೆ ಸಿಕ್ಕುವುದಿಲ್ಲ. ಪೊರೆ ಅದನ್ನೂ ಬಿಡುವುದಿಲ್ಲ. ಮೊಟ್ಟೆಯಿಡಲು ನೀರಿನ ಮೇಲೆ ಕುಳಿತ ಹೆಣ್ಣುಸೊಳ್ಳೆಯೂ ಮುಳುಗುವುದುಂಟು.

ಆದರೆ ಎಲ್ಲ ಪೊರೆಗಳೂ ಒಂದೇ ಅಲ್ಲ. ನಮ್ಮ ದೇಶದ ರೋಗನಿಯಂತ್ರಣ ಕಾರ್ಯಕ್ರಮದಲ್ಲಿ ಬಳಸುವ ಪೆಟ್ರೋಲಿಯಂ ಮೂಲದ ತೈಲವನ್ನು ಒಂದು ಹೆಕ್ಟೇರಿಗೆ 200 ಲೀಟರಿನಂತೆ, ಎಂದರೆ ಚದರ ಮೀಟರಿಗೆ 20 ಮಿಲಿಲೀಟರಿನಂತೆ, ವಾರಕ್ಕೊಮ್ಮೆ ಹಾಕುವುದು ವಾಡಿಕೆ. ಲೆಕ್ಕ ಹಾಕಿದರೆ ಆ ಪೊರೆಯ ದಪ್ಪ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ಉಸಿರು ಕಟ್ಟಿಸುವುದರ ಜೊತೆಗೆ ಈ ತೈಲದಲ್ಲಿ ರಾಸಾಯನಿಕ ವಿಷಗುಣವೂ ಇದೆ. ಈಚಿನ ಸಿಲಿಕೋನ್ ದ್ರವಗಳಿಗಾದರೋ ಚದರ ಮೀಟರಿಗೆ ಸುಮಾರು 1 ಮಿಲಿಲೀಟರ್ ಸಾಕು. ಅವು ತಾವಾಗಿಯೇ ಹರಡಿ ಕೇವಲ ಭೌತಿಕ ಕ್ರಿಯೆಯಿಂದ ಕೊಲ್ಲುತ್ತವೆ. ‘ವಿಷವಲ್ಲ’ ಎಂಬ ಮಾತಿಗೆ ಆಧಾರವಿದು.

2. ಘಟ್ಟದ ಮೇಲಣ ನೀರು

ಹಾಗಾದರೆ ಈ ಸೀಮೆಯ ಚಳಿಜ್ವರವನ್ನು ತೈಲದಿಂದಲೇ ಏಕೆ ನೀಗಿಸಲಾಗಲಿಲ್ಲ? ಉತ್ತರವು ಇಲ್ಲಿಯ ನೀರಿನ ಸ್ವಭಾವದಲ್ಲಿದೆ. ಮಲೆನಾಡಿನ ಮಲೇರಿಯಕ್ಕೆ ಮುಖ್ಯ ವಾಹಕವಾದ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆಯು ಮೆಲ್ಲಗೆ ಹರಿಯುವ ಹಳ್ಳ, ಒಸರುವ ಜಲ, ಹುಲ್ಲಂಚಿನ ಕಾಲುವೆಗಳಲ್ಲಿ ಹುಟ್ಟುವಂಥದು. ಬೆಟ್ಟಗಳ ನಡುವಣ ಕಣಿವೆಗಳಲ್ಲಿ ಅಡಕೆ ತೋಟಗಳನ್ನೆಬ್ಬಿಸಿ, ಬಸಿಗಾಲುವೆಗಳನ್ನು ತೆಗೆದ ಈ ನಾಡಿನಲ್ಲಿ ಅಂತಹ ನೀರಿಗೆ ಕೊರತೆಯಿಲ್ಲ. ಹರಿಯುವ ನೀರು ಪೊರೆಯನ್ನು ಹೊತ್ತೊಯ್ಯುತ್ತದೆ. ಅಂಚಿನ ಹುಲ್ಲು ಅದನ್ನು ಸೀಳುತ್ತದೆ. ಮಳೆ ಅದನ್ನು ತೊಳೆದುಬಿಡುತ್ತದೆ. ಕಾಡಿನೊಳಗಣ ಒಂದೊಂದು ಒಸರಿಗೂ ವಾರವಾರ ಎಣ್ಣೆ ಹಾಕುವುದು ಯಾವ ಸರಕಾರದ ಶಕ್ತಿಗೂ ಮೀರಿದ ಕೆಲಸ.

ಆದುದರಿಂದ ಪರಿಹಾರವು ನೀರಿನಲ್ಲಿ ದೊರೆಯದೆ ಮನೆಯ ಗೋಡೆಯ ಮೇಲೆ ದೊರೆಯಿತು. ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1946ರಿಂದ, ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕಾನಡಾ ಹಾಗೂ ಧಾರವಾಡ ಜಿಲ್ಲೆಗಳ ಮನೆಗಳೊಳಗೆ ಡಿ.ಡಿ.ಟಿ. ಸಿಂಪಡಿಸಲಾಯಿತು. ರೋಗವೂ ಮರಣವೂ ಇಳಿದವು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮಕ್ಕೆ ಇಂತಹ ಅನುಭವಗಳೇ ಧೈರ್ಯ ಕೊಟ್ಟವು. ಆದರೆ ಅಂದು ವರವೆನಿಸಿದ ಡಿ.ಡಿ.ಟಿ.ಯನ್ನು ಅದು ಮಣ್ಣಿನಲ್ಲಿಯೂ ಜೀವಿಗಳ ಕೊಬ್ಬಿನಲ್ಲಿಯೂ ಉಳಿದು ಸಂಚಯವಾಗುವುದೆಂಬ ಕಾರಣದಿಂದ 1989ರಲ್ಲಿ ಭಾರತದ ಕೃಷಿಯಲ್ಲಿ ನಿಷೇಧಿಸಲಾಯಿತು. ಒಂದು ವಸ್ತುವಿನ ಸುರಕ್ಷತೆಯ ಬಗೆಗಿನ ತೀರ್ಪು ಕಾಲಕಾಲಕ್ಕೆ ಮರುವಿಚಾರಣೆಗೆ ಒಳಪಡತಕ್ಕದ್ದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

3. ನಿಯಂತ್ರಣದ ಉಗಮ

ಕೀಟನಾಶಕಗಳಿಗೆ ಸಂಬಂಧಿಸಿದ ನಮ್ಮ ಕಾನೂನು ಒಂದು ದುರಂತದ ತರುವಾಯ ಹುಟ್ಟಿತು. 1958ರಲ್ಲಿ, ಹಡಗಿನ ಸಾಗಣೆಯಲ್ಲಿ ಪ್ಯಾರಾಥಿಯಾನ್ ಎಂಬ ವಿಷ ಸೋಂಕಿದ ಗೋಧಿಹಿಟ್ಟನ್ನು ತಿಂದು ಕೇರಳ ಹಾಗೂ ಮದರಾಸು ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಜನ ಮಡಿದರು. ಅದರ ವಿಚಾರಣೆಯ ಫಲವಾಗಿ 1968ರ ಕೀಟನಾಶಕ ಅಧಿನಿಯಮವೂ 1971ರ ನಿಯಮಗಳೂ ಬಂದವು. ಕೀಟನಾಶಕವನ್ನು ತಯಾರಿಸುವವನೂ ಆಮದು ಮಾಡುವವನೂ ಅದು ಫಲಕಾರಿ, ಮನುಷ್ಯರಿಗೂ ಪ್ರಾಣಿಗಳಿಗೂ ಸುರಕ್ಷಿತ ಎಂಬುದನ್ನು ನೋಂದಣಿ ಸಮಿತಿಯ ಮುಂದೆ ಸ್ಥಾಪಿಸಬೇಕು. ಡಬ್ಬಿಯ ಮೇಲೆ ವಿಷದ ತೀವ್ರತೆಯನ್ನು ಕೆಂಪು, ಹಳದಿ, ನೀಲಿ, ಹಸುರು ಬಣ್ಣಗಳಿಂದ ಸೂಚಿಸಬೇಕು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದು, ‘ಕೀಟನಾಶಕ’ ಎಂಬುದರ ವ್ಯಾಖ್ಯೆ. ಯೂರೋಪಿನ ಒಕ್ಕೂಟದ 2012ರ ಜೀವನಾಶಕ ನಿಯಮವು ಕೇವಲ ಭೌತಿಕ ಕ್ರಿಯೆಯಿಂದ ಕೊಲ್ಲುವ ವಸ್ತುಗಳನ್ನು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಮೆರಿಕದಲ್ಲಿ ಅಂತಹ ತೆಳುಪೊರೆಯ ದ್ರವವೂ ಕೀಟನಾಶಕವಾಗಿಯೇ ನೋಂದಣಿಯಾಗಿದೆ. ನಮ್ಮ ಅಧಿನಿಯಮವಾದರೋ ವಸ್ತು ಹೇಗೆ ಕೊಲ್ಲುತ್ತದೆಂದು ಕೇಳುವುದಿಲ್ಲ. ಅದರ ಹೆಸರು ಅನುಸೂಚಿಯಲ್ಲಿ ಇದೆಯೇ ಎಂದು ಕೇಳುತ್ತದೆ. ಎರಡನೆಯದು ಇನ್ನೂ ಮುಖ್ಯವಾದುದು. ಅಧಿನಿಯಮದ 38ನೆಯ ಪ್ರಕರಣದಂತೆ, ಒಬ್ಬನು ತನ್ನ ಮನೆಬಳಕೆಗೆ, ಕೈತೋಟಕ್ಕೆ, ಇಲ್ಲವೆ ತಾನು ಸಾಗುವಳಿ ಮಾಡುವ ಭೂಮಿಗೆ ಕೀಟನಾಶಕವನ್ನು ಬಳಸುವುದಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ. ಕಾರ್ಖಾನೆಯಿಂದ ಅಂಗಡಿಯವರೆಗೆ ಜೊತೆಗೆ ಬರುವ ಕಾನೂನು ತೋಟದ ಕಾಲುವೆಯ ಅಂಚಿನಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಉಳಿಯುವುದು ಡಬ್ಬಿಯ ಮೇಲಣ ಬರಹ ಮಾತ್ರ. ಸೀಮೆಎಣ್ಣೆಯನ್ನಾಗಲಿ ಯಂತ್ರಗಳ ಹಳೆಯ ಎಣ್ಣೆಯನ್ನಾಗಲಿ ಸುರಿಯುವವನಿಗೆ ಆ ಬರಹವೂ ಇಲ್ಲ.

4. ಯಾವ ನೀರಿಗೆ ಸುರಕ್ಷಿತ?

‘ಸುರಕ್ಷಿತ’ ಎಂಬ ಪದವು ನೀರಿನ ಹೆಸರನ್ನು ಹೇಳದೆ ಪೂರ್ಣವಾಗದು. ಪಟ್ಟಣದ ಕೊಳಚೆ ಗುಂಡಿಗೆ ಹೊಂದುವ ಪೆಟ್ರೋಲಿಯಂ ತೈಲವನ್ನು ಕುಡಿಯುವ ನೀರಿನ ಬಾವಿಗೆ ಎಂದಿಗೂ ಹಾಕತಕ್ಕದ್ದಲ್ಲ. ಹಳೆಯ ಯಂತ್ರತೈಲದಲ್ಲಿ ಲೋಹದ ಅಂಶಗಳೂ ಸೇರಿರುವುದರಿಂದ ಅದು ಯಾವ ನೀರಿಗೂ ಸಲ್ಲದು. ಸಿಲಿಕೋನ್ ಪೊರೆ ಕಿವಿರುಗಳಿಂದ ಉಸಿರಾಡುವ ಮೀನಿಗೆ ಬಹುಮಟ್ಟಿಗೆ ತೊಂದರೆ ಕೊಡದಿದ್ದರೂ, ನೀರಿನ ಮೇಲೆ ನಡೆದಾಡುವ ಕೀಟಗಳನ್ನೂ, ಗಾಳಿಗಾಗಿ ಮೇಲೆ ಬರುವ ಜೀರುಂಡೆಗಳನ್ನೂ ಸೊಳ್ಳೆಯಿಂದ ಪ್ರತ್ಯೇಕಿಸಲಾರದು. ಇವುಗಳಲ್ಲಿ ಹಲವು ಮರಿಹುಳುಗಳನ್ನೇ ತಿಂದು ನಮಗೆ ಉಪಕಾರ ಮಾಡುವಂಥವು. ಎಂದಮೇಲೆ ಕೆರೆ, ಹಳ್ಳಗಳಲ್ಲಿ ಪೊರೆ ಹರಡುವುದು ಲಾಭಕ್ಕಿಂತ ನಷ್ಟಕ್ಕೆ ದಾರಿಯಾಗಬಹುದು.

ಈ ಪ್ರಶ್ನೆಗೆ ಈಗ ಹೊಸ ತುರ್ತು ಬಂದಿದೆ. 2024ರಲ್ಲಿ ಕರ್ನಾಟಕ ಸರಕಾರವು ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವವರಿಗೆ ದಂಡವನ್ನು ಗೊತ್ತುಪಡಿಸಿತು. ದಂಡಕ್ಕೆ ಅಂಜಿದ ಗೃಹಸ್ಥನು ಕೈಗೆ ಸಿಕ್ಕಿದ ಎಣ್ಣೆಯನ್ನು ನೀರಿಗೆ ಸುರಿಯುವ ಸಂಭವವಿಲ್ಲದಿಲ್ಲ. ಆದರೆ ಡೆಂಗೆಯ ಸೊಳ್ಳೆಯಾದ ಈಡಿಸ್ ಹಳ್ಳದಲ್ಲಿ ಹುಟ್ಟುವುದಲ್ಲ. ತೊಟ್ಟಿ, ಹಳೆಯ ಟೈರು, ಎಳನೀರಿನ ಬುರುಡೆ, ತೋಟದಲ್ಲಿ ಉದುರಿಬಿದ್ದ ಅಡಕೆ ಹಾಳೆ ಮೊದಲಾದವುಗಳಲ್ಲಿ ನಿಂತ ಅಂಗೈಯಗಲದ ನೀರಿನಲ್ಲಿ ಹುಟ್ಟುತ್ತದೆ. ಅಲ್ಲಿ ಹಾಳೆಯನ್ನು ಮಗುಚಿಹಾಕುವುದೂ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ ಉಜ್ಜುವುದೂ ಯಾವ ತೈಲಕ್ಕೂ ಮಿಗಿಲಾದ, ಯಾವ ನೋಂದಣಿಯೂ ಬೇಡದ ಉಪಾಯ. ಬರಿದುಮಾಡಲಾಗದ, ಕುಡಿಯಲು ಬಳಸದ, ಹರಿಯದೆ ನಿಂತ ನೀರು ಪೊರೆಗೆ ತಕ್ಕ ಕ್ಷೇತ್ರ. ಅಲ್ಲಿಯೂ ನೋಂದಣಿ ಪಡೆದ ದ್ರವವನ್ನು ಹೇಳಿದ ಪ್ರಮಾಣದಲ್ಲಿಯೇ ಹಾಕಬೇಕು.

ಕಾನೂನು ವಸ್ತುವನ್ನು ಪರೀಕ್ಷಿಸಬಲ್ಲುದೇ ಹೊರತು ಪ್ರತಿಯೊಂದು ತೋಟದ ನೀರನ್ನೂ ಪರೀಕ್ಷಿಸಲಾರದು. ಆ ಎರಡನೆಯ ಪರೀಕ್ಷೆ ಬಳಸುವವನದೇ ಆಗಿರುವುದರಿಂದ, ಅವನಿಗೆ ಬೇಕಾದ ತಿಳಿವಳಿಕೆಯನ್ನು ಅವನ ಭಾಷೆಯಲ್ಲಿ ಒದಗಿಸುವ ಹೊಣೆಯಲ್ಲಿ ಶಾಲಾ ಕಾಲೇಜುಗಳಿಗೂ ಪಾಲಿದೆ. ತಮ್ಮ ಊರಿನ ಬಾವಿ, ಕಾಲುವೆ, ಹಳ್ಳಗಳಲ್ಲಿ ಯಾವುದರಲ್ಲಿ ಯಾವ ಸೊಳ್ಳೆ ಹುಟ್ಟುತ್ತದೆಂದು ವಿದ್ಯಾರ್ಥಿಗಳೇ ನೋಡಿ ಗುರುತಿಸುವುದರಿಂದ ಈ ಕೆಲಸವನ್ನು ಆರಂಭಿಸಬಹುದು.