ಗೇಟಿನ ಹತ್ತಿರ ಮೈಕ್ ಬಂದಾಗ

2021ರ ಜನವರಿ 21ರ ರಾತ್ರಿ ನೆನಪಿದೆಯಾ? ಹತ್ತೂಕಾಲು ದಾಟಿತ್ತು. ಶಿವಮೊಗ್ಗ ಪಕ್ಕದ ಹುಣಸೋಡು ಕಲ್ಲುಕ್ವಾರಿ ಹತ್ತಿರ ಸ್ಫೋಟಕ ಸಿಡಿದಾಗ ಪಕ್ಕದ ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳವರೆಗೂ ನೆಲ ಅದುರಿತು. ಭೂಕಂಪ ಅಂದ್ಕೊಂಡು ಜನ ಬೀದಿಗೆ ಓಡಿ ಬಂದ್ರು. ಸತ್ತವರ ಲೆಕ್ಕವಂತೂ ಎಂಟು ಅಂದ್ರು, ಹದಿನೈದು ಅಂದ್ರು. ಮರುದಿನ ಅಧಿಕಾರಿಗಳು ಖಚಿತಪಡಿಸಿದ್ದು ಐದು. ಆಮೇಲೆ ಅದು ಆರಾಯಿತು. ದೇಹಗಳು ಛಿದ್ರವಾಗಿದ್ದರಿಂದ ಗುರುತು ಹಿಡಿಯೋದೇ ಕಷ್ಟವಾಗಿತ್ತು. ಕೂಲಿಗೆ ಹೋದವನು ಬದುಕಿದ್ದಾನೋ ಇಲ್ಲವೋ ಅಂತ ಟಿವಿ ಮುಂದೆ ಕೂತ ಹೆಂಡತಿಗೆ ಎಂಟಕ್ಕೂ ಹದಿನೈದಕ್ಕೂ ಇರುವ ವ್ಯತ್ಯಾಸ ಬರೀ ಅಂಕಿಯಲ್ಲ.

ತಪ್ಪು ನಮ್ಮದೂ ಹೌದು, ಒಪ್ಪಿಕೊಳ್ತೀನಿ. ಸುದ್ದಿವಾಹಿನಿಗೆ ಖಾಲಿ ಪರದೆ ಅಂದ್ರೆ ಭಯ. ನೀವು ಮಾತಾಡದಿದ್ದರೆ ಪಕ್ಕದ ಟೀ ಅಂಗಡಿಯವನು ಮಾತಾಡ್ತಾನೆ.

ಮುಚ್ಚಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಕೈಗಾ ನೋಡಿ. 2009ರ ನವೆಂಬರ್ 24ರಂದು ಅಣುಸ್ಥಾವರದ ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರಿಟಿಯಂ ಬೆರೆತಿದ್ದು ಗೊತ್ತಾಯಿತು. ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ದೇಹಕ್ಕೆ ಅದು ಸೇರಿತ್ತು. ಹೊರಗಿನವರಿಗೆ ವಿಷಯ ತಿಳಿದದ್ದು ಕೆಲವು ದಿನಗಳ ನಂತರ. ವಿಕಿರಣ ಹೊರಗೆ ಸೋರಿಲ್ಲ ಅಂತ ಅಧಿಕಾರಿಗಳು ಹೇಳಿದರು. ಆದರೆ ಅಷ್ಟು ದಿನ ಸುಮ್ಮನಿದ್ದವರ ಮಾತನ್ನು ಜನ ಸುಲಭಕ್ಕೆ ನಂಬ್ತಾರಾ?

ಮೇಳಿಗೆಯಲ್ಲಿ, ಹೊಸನಗರ, ಸಾಗರದ ಕಡೆ ಅಕ್ಕಿ ಗಿರಣಿ, ಸಾಮಿಲ್ಲು, ಅಡಿಕೆ ಮಂಡಿ ನಡೆಸುವವರು ಕೇಳಬಹುದು: ನಮ್ಮಲ್ಲಿ ಪಿಆರ್‌ಓ ಎಲ್ಲಿದ್ದಾರೆ ಸ್ವಾಮಿ? ಬೇಕಿಲ್ಲ. ಇವತ್ತೇ ಒಬ್ಬರನ್ನು ನಿಗದಿ ಮಾಡಿ, ಅವರಿಲ್ಲದಾಗ ಇನ್ನೊಬ್ಬರನ್ನ. ಅವಘಡವಾದಾಗ ಮೊದಲು ಆಂಬುಲೆನ್ಸ್, ಅಗ್ನಿಶಾಮಕ, ಆಮೇಲೆ ನಾವು. ಕ್ಯಾಮೆರಾದವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಒಂದು ಜಾಗ ತೋರಿಸಿ, ಇಲ್ಲದಿದ್ದರೆ ನಮ್ಮ ವ್ಯಾನೇ ಆಂಬುಲೆನ್ಸಿಗೆ ಅಡ್ಡ ನಿಂತಿರುತ್ತೆ.

ಮಾತಾಡುವಾಗ ಏನಾಯಿತು, ಎಷ್ಟು ಹೊತ್ತಿಗಾಯಿತು, ಗಾಯಾಳುಗಳು ಯಾವ ಆಸ್ಪತ್ರೆಯಲ್ಲಿದ್ದಾರೆ, ಇಷ್ಟು ಸಾಕು. ಕಾರಣ ಊಹಿಸಬೇಡಿ. ‘ಕೆಲಸಗಾರನದೇ ತಪ್ಪು’ ಅಂತ ಅವತ್ತೇ ಹೇಳಿಬಿಟ್ಟರೆ, ನಾಳೆ ತನಿಖೆಯಲ್ಲಿ ಬಾಯ್ಲರೇ ಹಳೆಯದು ಅಂತ ಬಂದಾಗ ಎಲ್ಲಿ ಮುಖ ಇಡ್ತೀರಿ? ‘ಈಗ ಗೊತ್ತಿಲ್ಲ, ಆರು ಗಂಟೆಗೆ ಹೇಳ್ತೀನಿ’ ಅನ್ನಿ, ಆರಕ್ಕೆ ಹೊಸದೇನೂ ಇಲ್ಲದಿದ್ದರೂ ಬಂದು ನಿಲ್ಲಿ. ‘ನೋ ಕಾಮೆಂಟ್ಸ್’ ಅಂತ ಬಾಗಿಲು ಹಾಕಿಕೊಂಡರೆ ನಾವು ಆ ಬಾಗಿಲನ್ನೇ ದಿನವಿಡೀ ತೋರಿಸ್ತೀವಿ.

ಸತ್ತವರ ಹೆಸರು ಮಾತ್ರ ಮನೆಯವರಿಗೆ ತಿಳಿಸುವ ತನಕ ನಮಗೆ ಕೊಡಬೇಡಿ. ನಾವು ಎಷ್ಟೇ ಪೀಡಿಸಿದರೂ ಕೊಡಬೇಡಿ. ಬದಲಿಗೆ ಗೇಟಿನ ಮೇಲೆ ಒಂದು ಫೋನ್ ನಂಬರ್ ಬರೆದು ಹಾಕಿ, ಕರೆ ಎತ್ತೋದಕ್ಕೆ ಒಬ್ಬರನ್ನು ಕೂರಿಸಿ. ಆ ನಂಬರನ್ನು ನಾವೇ ಸ್ಕ್ರೀನ್ ಮೇಲೆ ಹಾಕ್ತೀವಿ.