ಪಾತಾಳದಿಂದ ಕಂಡ ಆಕಾಶ

ದಾವಣಗೆರೆಯ ಮಂಡಿಪೇಟೆಯಲ್ಲಿ ಮೂಟೆ ಹೊರುವ ಹಮಾಲಿಯನ್ನೂ ಅವನ ಕಾಲಕೆಳಗಣ ಭೂಗೋಲವನ್ನೂ ಪ್ರತಿಕ್ಷಣವೂ ಕೋಟ್ಯನುಕೋಟಿ ನ್ಯೂಟ್ರಿನೋಗಳು ತೂರಿಹೋಗುತ್ತಿರುವುವು. ಇಂತಹ ನಿರ್ಲಿಪ್ತ ಕಣಗಳನ್ನು ಹಿಡಿಯಲು ವಿಶ್ವಕಿರಣಗಳ ಗದ್ದಲ ಮುಟ್ಟದ ಪಾತಾಳವೇ ಬೇಕೆಂದು ಮನಗಂಡು, ಮೈಸೂರು ಸೀಮೆಯವರಾದ ಬಿ.ವಿ. ಶ್ರೀಕಂಠನ್ ಮೊದಲಾದವರು ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ನಿಯಾನ್ ನಳಿಕೆಗಳ ಗೋಡೆಗಳನ್ನು ನಿಲ್ಲಿಸಿ, ಮೇಲಿನಿಂದಲ್ಲದೆ ಅಡ್ಡಲಾಗಿ ಬಂಡೆಯನ್ನು ಭೇದಿಸಿ ಬಂದ ಮಿಂಚುಗೆರೆಗಳಲ್ಲಿ, 1965ರಲ್ಲಿ, ವಾಯುಮಂಡಲಜನ್ಯ ನ್ಯೂಟ್ರಿನೋಗಳ ಕುರುಹನ್ನು ಕಂಡರು. ಆ ಗಣಿಯ ಚಿನ್ನವನ್ನು ಸ್ಮರಿಸುವಷ್ಟು ಈ ಸಾಹಸವನ್ನು ನಾವು ಸ್ಮರಿಸೆವು.

ಮಹಾಶಕ್ತಿಯ ನ್ಯೂಟ್ರಿನೋಗಳ ತವರು ಬೇರೆ. ದಕ್ಷಿಣ ಧ್ರುವದ ಹಿಮದಲ್ಲಿ ಹುದುಗಿರುವ ನ್ಯೂಟ್ರಿನೋ ಶೋಧಕ ಐಸ್‌ಕ್ಯೂಬ್ 2017ರಲ್ಲಿ ಹಿಡಿದ ಒಂದು ಕಣದ ಜಾಡು ನಮ್ಮತ್ತ ಧಾರೆ ಚಿಮ್ಮುವ ಗೆಲಾಕ್ಸಿಯಾದ ದೂರದ ಬ್ಲೇಝಾರ್ ಒಂದರತ್ತ ಬೆರಳು ಮಾಡಿತು. 2022ರಲ್ಲಿ ಪ್ರಕಟವಾದ ಸುಮಾರು 79 ಕಣಗಳ ಸಾಕ್ಷ್ಯವು ಎನ್‌ಜಿಸಿ 1068 ಎಂಬ ಸಕ್ರಿಯ ಗೆಲಾಕ್ಸಿಯನ್ನು ತೋರಿತು. ಅದರ ಗರ್ಭದ ಕೃಷ್ಣವಿವರವನ್ನು ದಟ್ಟವಾದ ಧೂಳು ಮರೆಮಾಡಿರುವುದರಿಂದ, ಬೆಳಕು ಬಹುಮಟ್ಟಿಗೆ ಹೊರಡಲಾರದ ಅದರ ಸುತ್ತಣ ಎಡೆಯಿಂದ ನ್ಯೂಟ್ರಿನೋಗಳು ಸರಾಗವಾಗಿ ಹೊರಟು ಬರುತ್ತಿರುವುವು.