ಮನೆಯ ಗಣಕಯಂತ್ರಕ್ಕೆ ಯಾವ ಕಾರ್ಯವ್ಯವಸ್ಥೆ?

2025ರ ಕೊನೆಯ ತಿಂಗಳಲ್ಲಿ ನಾವು ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿಗೆ ಸೇರಿದ ಬಮ್ಮಿಗಟ್ಟಿ ಗ್ರಾಮಕ್ಕೆ ಹೋಗಬೇಕಾಯಿತು. ನಮ್ಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನ ಮನೆ ಅಲ್ಲಿರುವುದು. ಭತ್ತ, ಗೋವಿನಜೋಳ ಬೆಳೆಯುವ ಕುಟುಂಬ. ಹುಬ್ಬಳ್ಳಿಯಲ್ಲಿ ಅರ್ಧ ಬೆಲೆಗೆ ಕೊಂಡು ತಂದ ಹಳೆಯ ಗಣಕಯಂತ್ರವೊಂದು ಪಡಸಾಲೆಯ ಮೂಲೆಯಲ್ಲಿ ಕುಳಿತಿದ್ದಿತು. ಹುಡುಗನ ಪ್ರಯೋಗದ ವರದಿಗಳೂ ಅವನ ತಾಯಿ ನೋಡಿಕೊಳ್ಳುವ ಮಹಿಳಾ ಸ್ವಸಹಾಯ ಸಂಘದ ಲೆಕ್ಕಪತ್ರಗಳೂ ಅದರಲ್ಲಿಯೇ ಇದ್ದುವು. ಆ ಯಂತ್ರದಲ್ಲಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯು ನೀಡುತ್ತಿದ್ದ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದವರಿಗೆ ಸ್ವಲ್ಪ ಕಾಲದ ವಿಸ್ತರಣೆಯೇನೋ ದೊರೆಯಿತು. ಆದರೆ ಅದು ಸಾಲದ ಗಡುವನ್ನು ಮುಂದೂಡಿದಂತೆಯೇ ಸರಿ. ಮುಂದಿನದಾದ ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಏರ್ಪಾಡೂ ಇಂಟೆಲ್ ಆದರೆ ಎಂಟನೆಯ ಪೀಳಿಗೆಯ ಅಥವಾ ಅದರಿಂದೀಚಿನ ಸಂಸ್ಕಾರಕವೂ ಬೇಕು. ಇವರ ಯಂತ್ರದ ಸಂಸ್ಕಾರಕವು ಮೂರನೆಯ ಪೀಳಿಗೆಯದು.

ಹೊಸ ಯಂತ್ರ ಕೊಳ್ಳಿರೆಂಬ ಸಲಹೆ ಬಂದಿದ್ದಿತು, ಅದಕ್ಕೆ ಹಣವಿರಲಿಲ್ಲ. ಬಿಟ್ಟಿಯಾಗಿ ದೊರೆಯುವ ಮುಕ್ತ ಕಾರ್ಯವ್ಯವಸ್ಥೆಗಳುಂಟೆಂದು ಹುಡುಗನು ಕೇಳಿದ್ದನು. "ಸರ, ಇಷ್ಟು ಹೆಸರ ಅದಾವ, ಇದ್ರಾಗ ಯಾವ್ದು ಹಾಕೂಣು ಹೇಳ್ರಿ" ಎಂದು ನಮ್ಮನ್ನು ಕೇಳಿದನು. ತಾಯಿಯ ಚಿಂತೆ ಬೇರೆಯಾಗಿದ್ದಿತು: "ಏನರ ಹಾಕ್ರಿ, ಸಂಘದ ಲೆಕ್ಕ ಮಾತ್ರ ಹೋಗಬಾರದ್ರೀ." ಈ ಎರಡು ಮಾತುಗಳಿಗೂ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಕಾರ್ಯವ್ಯವಸ್ಥೆ, ಎಂದರೆ ಎಲ್ಲರೂ ಆಪರೇಟಿಂಗ್ ಸಿಸ್ಟಮ್ ಎಂದು ಕರೆಯುವ ಮೂಲ ತಂತ್ರಾಂಶವು, ಗಣಕಯಂತ್ರದ ಭಾಗಗಳನ್ನು ಇತರ ತಂತ್ರಾಂಶಗಳಿಗೆ ಹಂಚಿಕೊಡುವ ಯಜಮಾನನಿದ್ದಂತೆ. ಯಾವ ಕೆಲಸಕ್ಕೆ ಎಷ್ಟು ಸ್ಮೃತಿ, ಡಿಸ್ಕಿನ ಯಾವ ಸ್ಥಳದಲ್ಲಿ ಯಾವ ಕಡತ ಎಂಬುದನ್ನೆಲ್ಲ ನಿರ್ಣಯಿಸುವುದು ಅದೇ. "ಮುಕ್ತ" ಎಂಬ ಮಾತಿಗೆ ಬಿಟ್ಟಿ ಎಂದಷ್ಟೇ ಅರ್ಥ ಮಾಡಿದರೆ ಸಾಲದು. ಹಿಂದೆ ರೈತರು ಮನೆಯಲ್ಲಿಯೇ ಬೀಜವನ್ನು ಉಳಿಸಿಕೊಳ್ಳುತ್ತಿದ್ದರಷ್ಟೆ. ಆ ಬೀಜವನ್ನು ಬಿತ್ತಬಹುದು, ಆರಿಸಿ ಉತ್ತಮಪಡಿಸಬಹುದು, ನೆರೆಯವನಿಗೂ ಕೊಡಬಹುದು. ಕಂಪನಿಯ ಸಂಕರ ಬೀಜವಾದರೋ ಪ್ರತಿ ವರ್ಷವೂ ಅಂಗಡಿಗೆ ಹೋಗಿಯೇ ತರಬೇಕು. ಮುಕ್ತ ತಂತ್ರಾಂಶವು ಮನೆಯ ಬೀಜದ ಜಾತಿಯದು. ಅದರ ಮೂಲಲಿಪಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬಾತನು 1983ರಲ್ಲಿ ಸಾರಿದ ಗ್ನೂ ಯೋಜನೆಯಿಂದ ಹುಟ್ಟಿದ ಪರವಾನಿಗೆಯಲ್ಲಿ ಇನ್ನೊಂದು ಕಟ್ಟೂ ಉಂಟು: ತಿದ್ದಿದ್ದನ್ನು ಪರರಿಗೆ ಕೊಡುವವನು ಅದೇ ಸ್ವಾತಂತ್ರ್ಯವನ್ನೂ ಜೊತೆಗೇ ಕೊಡತಕ್ಕದ್ದು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದು ಪ್ರಕಟಿಸಿದನು. ಆಗ ಅವನಿಗೆ 21 ವರ್ಷ. ನಮ್ಮ ವಾಚಕರಲ್ಲಿ ಅನೇಕರ ವಯಸ್ಸು.

ಹಾಗಾದರೆ ಇಷ್ಟೊಂದು ಹೆಸರುಗಳೇಕೆ? ಕಲಘಟಗಿಯ ಬಣ್ಣದ ತೊಟ್ಟಿಲನ್ನು ನೋಡದವರು ಈ ಸೀಮೆಯಲ್ಲಿ ವಿರಳ. ಕಟ್ಟಿಗೆಯ ಚೌಕಟ್ಟು ಒಂದೇ ಮಾದರಿಯದಾದರೂ ಅದರ ಮೇಲಿನ ಅರಗಿನ ಬಣ್ಣ, ಚಿತ್ತಾರಗಳು ಬೇರೆ ಬೇರೆ. ಲಿನಕ್ಸ್ ತಿರುಳು ಚೌಕಟ್ಟು. ಪರದೆಯ ಮೇಲೆ ಕಾಣುವ ಕಿಟಕಿ, ಪಟ್ಟಿ, ಗುಂಡಿಗಳು ಬಣ್ಣ. ಇವೆರಡನ್ನೂ ಬೇಕಾದ ತಂತ್ರಾಂಶಗಳೊಡನೆ ಜೋಡಿಸಿ ಒಂದು ಗಂಟಾಗಿ ಕೊಡುವುದಕ್ಕೆ ವಿತರಣೆ ಎನ್ನುವರು. 1993ರಲ್ಲಿ ಆರಂಭವಾದ ಡೆಬಿಯನ್ ಸ್ವಯಂಸೇವಕರ ವಿತರಣೆ. ಅದರಿಂದ 2004ರಲ್ಲಿ ಉಬುಂಟು ಹುಟ್ಟಿತು. ಉಬುಂಟುವಿನಿಂದ 2006ರಲ್ಲಿ ಲಿನಕ್ಸ್ ಮಿಂಟ್. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಹೊರತಂದ ಬಾಸ್ ಕೂಡ ಡೆಬಿಯನ್ನಿನ ವಂಶದ್ದೇ. ಇವಲ್ಲದೆ ಫೆಡೋರಾ ಮುಂತಾದ ಬೇರೆ ಮನೆತನಗಳುಂಟು; ಲಿನಕ್ಸಿಗೆ ಸಂಬಂಧವೇ ಇಲ್ಲದ ಫ್ರೀ ಬಿ.ಎಸ್.ಡಿ.ಯೂ ಉಂಟು. ಇವುಗಳಲ್ಲಿ ಯಾವುದು ಶ್ರೇಷ್ಠವೆಂದು ತರುಣರು ಗಂಟೆಗಟ್ಟಲೆ ವಾದಿಸುವುದನ್ನು ನಾವು ಕೇಳಿದ್ದೇವೆ. ಆ ವಾದದಲ್ಲಿ ಯಂತ್ರದ ಮಾತು ಬರುವುದೇ ಅಪರೂಪ. ನಮ್ಮ ಅಭಿಪ್ರಾಯದಲ್ಲಿ ಯಂತ್ರದಿಂದಲೇ ಆರಂಭಿಸಬೇಕು.

ಬಮ್ಮಿಗಟ್ಟಿಯ ಯಂತ್ರದಲ್ಲಿ 4 ಗಿಗಾಬೈಟ್ ಸ್ಮೃತಿಯೂ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕೂ ಇದ್ದುವು. ಸ್ಮೃತಿ ಎಂದರೆ ಅಡುಗೆಮನೆಯ ಡಬ್ಬಿ. ಡಿಸ್ಕ್ ಎಂದರೆ ಹಗೇವು. ಕೈಗೆ ಬೇಕಾದ ಕಾಳು ಡಬ್ಬಿಯಲ್ಲಿರುವವರೆಗೆ ಅಡುಗೆ ಸರಾಗವಾಗಿ ಸಾಗುವುದು. ಡಬ್ಬಿ ಚಿಕ್ಕದಾದಾಗ ಇಂದಿನ ಕಾಳನ್ನು ಹಗೇವಿಗೆ ಸುರಿದು ಮತ್ತೊಂದನ್ನು ತೆಗೆಯಬೇಕಾಗುವುದು. ಕಾರ್ಯವ್ಯವಸ್ಥೆಯೂ ಸ್ಮೃತಿ ಸಾಲದಾದಾಗ ಇದನ್ನೇ ಮಾಡುತ್ತದೆ. ಈ ಓಡಾಟದ ಬೆಲೆಯೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ.

ಸಾಮಾನ್ಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುವುದು. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಭಾಗವು ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು 4 ಮಿಲಿಸೆಕೆಂಡಿಗೆ ಸ್ವಲ್ಪ ಹೆಚ್ಚು. ಸೂಜಿಯು ಸರಿಯಾದ ವರ್ತುಲಕ್ಕೆ ಸರಿಯುವ ಕಾಲವನ್ನೂ ಕೂಡಿಸಿದರೆ ಒಟ್ಟು ಸುಮಾರು 10 ಮಿಲಿಸೆಕೆಂಡು ಎನ್ನಬಹುದು. ಸ್ಮೃತಿಯಿಂದ ಓದಲು ಹಿಡಿಯುವ ಕಾಲವಾದರೋ ಸುಮಾರು 100 ನ್ಯಾನೊಸೆಕೆಂಡು. ಇವೆರಡರ ಪ್ರಮಾಣ ಒಂದಕ್ಕೆ ಒಂದು ಲಕ್ಷ! ಡಬ್ಬಿಯಿಂದ ಕಾಳು ತೆಗೆಯಲು ಒಂದು ಸೆಕೆಂಡಾದರೆ ಹಗೇವಿನಿಂದ ತೆಗೆಯಲು ಒಂದು ಲಕ್ಷ ಸೆಕೆಂಡು. ಒಂದು ಹಗಲು, ಒಂದು ರಾತ್ರಿ ಕಳೆದು ಇನ್ನೂ ನಾಲ್ಕು ತಾಸು ಬೇಕು. ತಟ್ಟೆಯಿಲ್ಲದ ಎಸ್.ಎಸ್.ಡಿ.ಯಲ್ಲಿ ಈ ಕಾಲ ಸುಮಾರು 100 ಮೈಕ್ರೊಸೆಕೆಂಡಿಗೆ ಇಳಿಯುವುದು. ನಮ್ಮ ಲೆಕ್ಕದಲ್ಲಿ ಹದಿನೇಳು ನಿಮಿಷ. ಹಳೆಯ ಯಂತ್ರ ತೆವಳುವುದಕ್ಕೆ ಸಂಸ್ಕಾರಕದ ಮುಪ್ಪಿಗಿಂತ ಈ ಹಗೇವಿನ ಓಡಾಟವೇ ಎಷ್ಟೋ ವೇಳೆ ಕಾರಣ. ಆದಕಾರಣ ಸ್ವಲ್ಪ ಹಣ ಕೂಡಿದಾಗ ಮೊದಲು ಎಸ್.ಎಸ್.ಡಿ.ಯನ್ನು ಕೊಳ್ಳುವುದು ಬುದ್ಧಿವಂತಿಕೆ.

ಇಷ್ಟು ತಿಳಿದರೆ ಆಯ್ಕೆಯ ಅರ್ಧ ಮುಗಿದಂತೆ. ಉಬುಂಟು 24.04ರ ಮುಖ್ಯ ರೂಪಕ್ಕೆ 4 ಗಿಗಾಬೈಟ್ ಸ್ಮೃತಿ ಇರಲೆಂದು ಅದರ ತಯಾರಕರೇ ಹೇಳುತ್ತಾರೆ. ಎಂದರೆ ಬಮ್ಮಿಗಟ್ಟಿಯ ಯಂತ್ರ ಹೊಸ್ತಿಲ ಮೇಲೆಯೇ ನಿಂತಿದೆ. ಮಿಂಟ್ 2 ಗಿಗಾಬೈಟಿನಲ್ಲಿಯೂ ನಡೆಯುವುದು, 4 ಇದ್ದರೆ ನೆಮ್ಮದಿ. ಇಲ್ಲಿ ಬಣ್ಣದ ಮಾತು ಮುಖ್ಯವಾಗುತ್ತದೆ. ಗ್ನೋಮ್ ಎಂಬ ಪರದೆಯ ಅಲಂಕಾರ ಹೆಚ್ಚು ಸ್ಮೃತಿಯನ್ನು ಬೇಡುವುದು. ಎಕ್ಸ್‌ಎಫ್‌ಸಿಇ ಮತ್ತು ಎಲ್‌ಎಕ್ಸ್‌ಕ್ಯೂಟಿ ಎಂಬುವು ಮಿತವ್ಯಯಿಗಳು. ಒಂದೇ ಡೆಬಿಯನ್ನಿನ ಮೇಲೆ ಇವುಗಳಲ್ಲಿ ಯಾವುದನ್ನಾದರೂ ಹೊದಿಸಬಹುದು. 32 ಬಿಟ್ಟಿನ ತೀರ ಹಳೆಯ ಯಂತ್ರವುಳ್ಳವರು ಮಾತ್ರ ಎಚ್ಚರದಿಂದಿರಬೇಕು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅಂಥ ಯಂತ್ರಗಳಿಗೆ ಸ್ಥಾಪಕವಿಲ್ಲ.

ಎರಡನೆಯ ಪರೀಕ್ಷೆ ಆಯುಸ್ಸಿನದು. ತಂತ್ರಾಂಶದಲ್ಲಿ ಬಿರುಕುಗಳು ಕಾಣುತ್ತಲೇ ಇರುತ್ತವೆ. ಅವನ್ನು ಮುಚ್ಚುವ ತಿದ್ದುಪಡಿಗಳು ಬರುವವರೆಗೆ ಮಾತ್ರ ಜಾಲಕ್ಕೆ ಹೊಂದಿಸಿದ ಯಂತ್ರ ಕ್ಷೇಮ. ಏಪ್ರಿಲ್ 2024ರ ಉಬುಂಟುವಿಗೂ ಅದರ ಮೇಲೆ ಕಟ್ಟಿದ ಮಿಂಟ್ 22ಕ್ಕೂ 2029ರವರೆಗೆ ಈ ಭರವಸೆಯುಂಟು. ಡೆಬಿಯನ್ನಿನ ಪ್ರತಿಯೊಂದು ಆವೃತ್ತಿಗೆ ಮೂರು ವರ್ಷ ಪೂರ್ಣವಾಗಿಯೂ ಮತ್ತೆರಡು ವರ್ಷ ಮಿತವಾಗಿಯೂ ತಿದ್ದುಪಡಿ ದೊರೆಯುವುದು. ಫೆಡೋರಾದ ಆವೃತ್ತಿಗೆ ಸುಮಾರು ಹದಿಮೂರು ತಿಂಗಳ ಬಾಳು; ಹೊಸದನ್ನು ಸದಾ ಬಯಸುವವರಿಗೆ ಅದು ಒಳ್ಳೆಯದೇ, ಆದರೆ ಹಳ್ಳಿಯ ಮೊಬೈಲ್ ಜಾಲದಿಂದ ಅಷ್ಟು ಬೇಗ ಬೇಗ ಹೊಸ ಆವೃತ್ತಿಗಳನ್ನು ಇಳಿಸಿಕೊಳ್ಳುವುದು ಕಷ್ಟ.

ಇನ್ನು ತಾಯಿಯ ಪ್ರಶ್ನೆ. ಸಂಘದ ಪತ್ರಗಳೆಲ್ಲ ಹಳೆಯ ನುಡಿ ಅಕ್ಷರಗಳಲ್ಲಿದ್ದುವು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವು ವಿಂಡೋಸಿಗಾಗಿ ರಚಿತವಾದದ್ದು. ಅದರ ಹಳೆಯ ಕ್ರಮದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿಯೇ ಕೂರಿಸಿರುತ್ತಾರೆ. ಆ ಅಚ್ಚಕ್ಷರವಿಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಕಾಣುವುವು. ಯೂನಿಕೋಡಿನಲ್ಲಿಯಾದರೋ ಕನ್ನಡಕ್ಕೇ ಮೀಸಲಾದ 128 ಸ್ಥಾನಗಳಿವೆ. "ಕ್ಷ" ಎಂಬುದು ಅಲ್ಲಿ ಕಕಾರ, ಅರ್ಧಾಕ್ಷರದ ಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳಾಗಿ ನಿಲ್ಲುವುದು. ಅವನ್ನು ಕೂಡಿಸಿ ಒತ್ತಕ್ಷರವಾಗಿ ತೋರಿಸುವ ಭಾರ ಯಂತ್ರದ್ದು. ಯೂನಿಕೋಡಿನ ಕನ್ನಡ ಎಲ್ಲ ಲಿನಕ್ಸ್ ವಿತರಣೆಗಳಲ್ಲಿಯೂ ಸರಿಯಾಗಿ ಕಾಣುತ್ತದೆ. ಗುಬ್ಬಿ, ನವಿಲು ಎಂಬ ಮುಕ್ತ ಅಚ್ಚಕ್ಷರಗಳೂ ಉಂಟು. ಕೆ. ಪಿ. ರಾವ್ ಅವರ ವಿನ್ಯಾಸವನ್ನನುಸರಿಸಿದ ಕೀಲಿಮಣೆ "ಕಗಪ" ಎಂಬ ಹೆಸರಿನಿಂದ ಲಿನಕ್ಸಿನಲ್ಲಿಯೇ ಇರುವುದರಿಂದ ನುಡಿಗೆ ಒಗ್ಗಿದ ಬೆರಳುಗಳು ಬಹುಮಟ್ಟಿಗೆ ಮತ್ತೆ ಕಲಿಯಬೇಕಾಗಿಲ್ಲ. ಆದರೆ ಹಳೆಯ ಕಡತಗಳನ್ನು ನಕಲು ಮಾಡಿದರಷ್ಟೇ ಸಾಲದು. ಪರಿವರ್ತಕದ ಮೂಲಕ ಯೂನಿಕೋಡಿಗೆ ತಿರುಗಿಸಿ, ಕಣ್ಣಾರೆ ಓದಿ ಸರಿನೋಡಬೇಕು. ಅದೂ ಹಳೆಯ ವ್ಯವಸ್ಥೆಯನ್ನು ಅಳಿಸುವ ಮೊದಲೇ.

ಕನ್ನಡದಲ್ಲಿ ಓದುವ ಮಕ್ಕಳಿಗೆ ಇವೆಲ್ಲ ಒಗ್ಗುವುದೇ ಎಂದು ಸಂಶಯಪಡುವವರು ಕಾಸರಗೋಡಿನ ಕಡೆಗೆ ನೋಡಬಹುದು. ಅಲ್ಲಿಯ ಕನ್ನಡ ಮಾಧ್ಯಮದ ಶಾಲೆಗಳು ಕೇರಳ ಸರ್ಕಾರದ ಶಿಕ್ಷಣ ಕ್ರಮಕ್ಕೆ ಒಳಪಟ್ಟಿವೆ. ಕೇರಳದ ಶಾಲೆಗಳ ಗಣಕ ಶಿಕ್ಷಣವು ಬಹು ವರ್ಷಗಳಿಂದ ಲಿನಕ್ಸಿನ ಮೇಲೆಯೇ ನಡೆಯುತ್ತಿದೆ. ಆ ಶಾಲೆಗಳಿಗೆಂದು ಕೈಟ್ ಎಂಬ ಸರ್ಕಾರಿ ಸಂಸ್ಥೆ 2024ರಲ್ಲಿ ಬಿಡುಗಡೆ ಮಾಡಿದ ವ್ಯವಸ್ಥೆ ಉಬುಂಟು 22.04ರ ಮೇಲೆ ನಿಂತದ್ದು.

ಎಲ್ಲರೂ ಬದಲಾಯಿಸಲೇಬೇಕೆಂದು ನಾವು ಹೇಳುವುದಿಲ್ಲ. ವಾಣಿಜ್ಯ ಓದುವವನಿಗೆ ಟ್ಯಾಲಿ ಅನಿವಾರ್ಯ. ಅದು ವಿಂಡೋಸಿಗಾಗಿ ಮಾಡಿದ್ದು. ಅಂಥವರು ತಮ್ಮ ಕೆಲಸ ಕೆಡಿಸಿಕೊಳ್ಳಬಾರದು.

ಮುಕ್ತ ವ್ಯವಸ್ಥೆಗಳ ಒಂದು ದೊಡ್ಡ ಅನುಕೂಲವೆಂದರೆ ಸ್ಥಾಪಿಸುವ ಮೊದಲೇ ಅವನ್ನು ಪರೀಕ್ಷಿಸಬಹುದು. ವಿತರಣೆಯ ಕಡತವನ್ನು ಪೆನ್‌ಡ್ರೈವಿಗೆ ಬರೆದು, ಎಫ್12 ಅಥವಾ ತಯಾರಕರು ಗೊತ್ತುಮಾಡಿದ ಬೇರೆ ಕೀಲಿಯನ್ನೊತ್ತಿ ಅದರಿಂದಲೇ ಯಂತ್ರವನ್ನು ಎಬ್ಬಿಸಿದರೆ, ವ್ಯವಸ್ಥೆಯು ಸ್ಮೃತಿಯಲ್ಲಿ ಓಡುವುದು, ಡಿಸ್ಕನ್ನು ಮುಟ್ಟುವುದಿಲ್ಲ. ಆಗ ವೈಫೈ ಹಿಡಿಯುವುದೇ, ಧ್ವನಿ ಬರುವುದೇ, ಕನ್ನಡ ಮೂಡುವುದೇ, "ಫ್ರೀ" ಎಂಬ ಆಜ್ಞೆ ಕೊಟ್ಟರೆ ಎಷ್ಟು ಸ್ಮೃತಿ ಉಳಿದಂತೆ ಕಾಣುವುದು ಎಂಬುದನ್ನೆಲ್ಲ ನೋಡಿಕೊಳ್ಳಬೇಕು. ಒಂದು ಎಚ್ಚರಿಕೆ: ಉಷ್ಣತಾಮಾಪಕವು ತಾನೇ ಸ್ವಲ್ಪ ಶಾಖವನ್ನು ಹೀರಿ ಅಳತೆಯನ್ನು ಕೆಡಿಸುವಂತೆ, ಇಲ್ಲಿಯೂ ಪರೀಕ್ಷೆಯೇ ಸ್ಮೃತಿಯನ್ನು ತಿನ್ನುವುದು, ಪೆನ್‌ಡ್ರೈವಿನ ಗತಿಯೂ ಮಂದ. ಆದ್ದರಿಂದ ವೇಗದ ತೀರ್ಪನ್ನು ಆಗಲೇ ಕೊಡಬಾರದು. ಅವಸರದ ಬೆಲೆಯನ್ನು ನಾವು ತೆತ್ತಿದ್ದೇವೆ. ಹಿಂದೊಮ್ಮೆ ನಮ್ಮ ಮನೆಯ ಯಂತ್ರದಲ್ಲಿ "ಇಡೀ ಡಿಸ್ಕನ್ನು ಅಳಿಸಿ" ಎಂಬುದನ್ನು ಸರಿಯಾಗಿ ಓದದೆ ಒತ್ತಿ, ಎರಡು ವರ್ಷಗಳ ಪಾಠದ ಟಿಪ್ಪಣಿಗಳನ್ನೂ ತಂಗಿಯ ಮದುವೆಯ ಚಿತ್ರಗಳನ್ನೂ ಕಳೆದುಕೊಂಡೆವು. ಟಿಪ್ಪಣಿಗಳನ್ನು ಮತ್ತೆ ಬರೆದೆವು.

ಬಮ್ಮಿಗಟ್ಟಿಯಲ್ಲಿ ಹಾಗಾಗಲಿಲ್ಲ. ಒಂದು ಭಾನುವಾರವೆಲ್ಲ ಕಡತಗಳ ನಕಲು ಮತ್ತು ಪರಿವರ್ತನೆಯಲ್ಲಿಯೇ ಕಳೆಯಿತು. ಮರುವಾರ ಮೂರು ಪೆನ್‌ಡ್ರೈವುಗಳಿಂದ ಉಬುಂಟು, ಎಕ್ಸ್‌ಎಫ್‌ಸಿಇ ಹೊದ್ದ ಮಿಂಟ್ ಮತ್ತು ಡೆಬಿಯನ್ನುಗಳನ್ನು ಓಡಿಸಿ ನೋಡಿದೆವು. ಉಬುಂಟುವಿನಲ್ಲಿ ಜಾಲದ ನಾಲ್ಕಾರು ಪುಟ ತೆರೆಯುವಷ್ಟರಲ್ಲಿ ಸ್ಮೃತಿ ತುಂಬಿಬಂದಿತು. ಉಳಿದೆರಡೂ ಹಗುರವಾಗಿದ್ದುವು. ನಮ್ಮ ಮನಸ್ಸು ಡೆಬಿಯನ್ನಿನ ಕಡೆಗಿದ್ದಿತು. ಆದರೆ ಹುಡುಗನ ಓಣಿಯಲ್ಲಿಯೇ ಮಿಂಟ್ ಬಳಸುವ ಗೆಳೆಯನೊಬ್ಬನಿದ್ದನು. ಯಂತ್ರ ಕೈಕೊಟ್ಟ ರಾತ್ರಿ ಹತ್ತಿರ ಬಂದು ನೋಡುವವನು ಅವನೇ ಹೊರತು ನಾವಲ್ಲವಷ್ಟೆ. ಮಿಂಟನ್ನೇ ಸ್ಥಾಪಿಸಿದೆವು.

ತಾಯಿ ಕುಳಿತು ಲೆಕ್ಕಪತ್ರಗಳನ್ನು ಮೊದಲಿನಿಂದ ಓದಿದರು. ಮೊತ್ತಗಳೆಲ್ಲ ಸರಿಯಾಗಿದ್ದುವು, ಇಬ್ಬರು ಸದಸ್ಯೆಯರ ಹೆಸರಿನಲ್ಲಿ ಮಾತ್ರ ಪರಿವರ್ತಕವು ಅರ್ಕಾವೊತ್ತನ್ನು ಸ್ಥಳ ತಪ್ಪಿಸಿದ್ದಿತು. ಅವನ್ನು ಅವರೇ ಕೀಲಿಮಣೆಯಿಂದ ತಿದ್ದಿದರು.